ದೊಡ್ಡಪ್ಪ ನನ್ನನ್ನು ಕೆಲಸಕ್ಕೆ ಕೊಟ್ಟಿದ್ದು

ಎಸ್ಸೆಸ್ಸೆಲ್ಸಿ ಮುಗಿಸಿ ಧನಗೆರೆಯ ನಮ್ಮ ಜಗಲಿಯ ಮೇಲೆ ನಾನು ಅಖಂಡವಾಗಿ ಕುಳಿತಿದ್ದ ಕಾಲ. ಕಚೇರಿಗಳಿಗೆ ಹಾಕಿದ ಅರ್ಜಿಗಳಿಗೆ ಉತ್ತರಿಸುವ ದುಡುಕನ್ನು ಯಾರೂ ಮಾಡಿರಲಿಲ್ಲ. ಹೀಗಿರಲು ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿಯೊಬ್ಬರು ಲೆಕ್ಕ ಬರೆಯಲು ಹುಡುಗನನ್ನು ಹುಡುಕಿ ಬರುವಂತೆ ತಮ್ಮ ಹಳೆಯ ಗುಮಾಸ್ತರನ್ನು ಅಟ್ಟಿದರು. ಅಂಗಡಿಯವರ ಕ್ರಮ ಆಗ ಹಾಗೆಯೇ ಇತ್ತು: ಅಂಕಪಟ್ಟಿಗಿಂತ ಮೊದಲು ಹುಡುಗನ ಮನೆ ನೋಡುತ್ತಿದ್ದರು.

ಗುಮಾಸ್ತರು ಕೊಟ್ಟಿಗೆಯಿಂದ ದೇವರ ಗೂಡಿನವರೆಗೆ ಕಣ್ಣಾಡಿಸಿದರು. ಉಪ್ಪಿಟ್ಟು ತಿಂದರು. ನನ್ನ ಕೈಬರಹ ನೋಡಿ ತಲೆದೂಗಿದರು.

"ಹುಡ್ಗ ಒಪ್ಪಿಗೆ ಆದ ಕಣ್ರಿ ಯಜಮಾನ್ರೇ. ಇವತ್ತೇ ಕಳ್ಸಿಬುಡಿ."

ತಂದೆಯಿಲ್ಲದ ನನಗೆ ದೊಡ್ಡಪ್ಪನೇ ಯಜಮಾನ. ಅವರು ವಿಭೂತಿಯ ಹಣೆಯನ್ನು ಗಂಟಿಕ್ಕಿ, ಹೆಣ್ಣು ಕೇಳಲು ಬಂದವರಿಗೆ ಹೇಳುವ ಧಾಟಿಯಲ್ಲಿ ಹೇಳಿದರು: "ನೋಡಾಣ. ನಮ್ಮೋರ್ನೆಲ್ಲ ಒಂದ್ ಮಾತು ಕೇಳಿ ಏಳಿ ಕಳಿಸ್ತೀವಿ."

ಕೇಳಿದ ಕೂಡಲೇ ಒಪ್ಪಿದರೆ ಮನೆತನದ ಘನತೆ ಏನಾಗಬೇಕು? ಹೋರಿ ಕೊಡುವಾಗಲೂ ಮಗಳನ್ನು ಕೊಡುವಾಗಲೂ ಅವರು ಇದೇ ಮಾತು ಹೇಳಿದ್ದರು. ಎರಡು ಸಲವೂ ಬಂದವರು ಮತ್ತೆ ಬಂದಿದ್ದರು.

ಗುಮಾಸ್ತರು ಪೆಚ್ಚಾದರು. "ಸಂಜೆ ಒಳಗೆ ಒಬ್ಬನ್ನ ಗೊತ್ತು ಮಾಡ್ಕಂಡು ಓಗ್ಬೇಕು ಯಜಮಾನ್ರೇ. ಹನೂರಲ್ಲಿ ಇನ್ನೊಬ್ಬ ಹುಡ್ಗ ಅವ್ನೆ."

"ಧಾರಾಳ್ವಾಗಿ ನೋಡ್ಕಂಡ್ ಬನ್ನಿ."

ಒಳಗಿನಿಂದ ದೊಡ್ಡಮ್ಮ, "ಈವಯ್ಯನ ಗತ್ತಿಗಿಷ್ಟು ಬೆಂಕಿ ಆಕ! ಹುಡ್ಗ ಜಗಲಿ ಮ್ಯಾಲೇ ಮುದ್ಕ ಆಗ್ಲಿ ಬುಡು," ಎಂದಳು. ದೊಡ್ಡಪ್ಪನಿಗೆ ಕೇಳಿಸಲಿಲ್ಲ; ಇಂಥ ಸಂದರ್ಭಗಳಲ್ಲಿ ಅವರ ಕಿವಿ ಬಹಳ ವಿವೇಕದಿಂದ ವರ್ತಿಸುತ್ತಿತ್ತು.

ಬಸ್ಸು ಹತ್ತಿಸುವ ನೆಪದಲ್ಲಿ ನಾನು ಗುಮಾಸ್ತರ ಹಿಂದೆಯೇ ಹೊರಟೆ. ದಾರಿಯಲ್ಲಿ ಮಾನ ಬಿಟ್ಟು ಹೇಳಿದೆ: "ನಂಗೆ ಕೆಲ್ಸ ಬೇಕು ಸಾ. ನಮ್ ದೊಡ್ಡಪ್ಪಂಗೂ ಬೇಕು. ಒಂದ್ಸಲ ಕೇಳುದ್ರೆ ಊ ಅನ್ನಕಿಲ್ಲ, ಅಷ್ಟೇಯ."

ಅವರು ನಿಂತು ಟವೆಲಿನಿಂದ ಕತ್ತು ಒರೆಸಿಕೊಂಡರು. "ಗೊತ್ತು ಕಣ್ಲಾ. ನನ್ ಮಗಳ್ನ ಕೇಳಕೆ ಬಂದಾಗ ನಾನೂ ಇಂಗೇ ಅಂದಿದ್ದೆ. ಅವ್ರು ತಿರ್ಗಿ ಬರ್ನಿಲ್ಲ."

ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಗುಮಾಸ್ತರು ರಸ್ತೆಯನ್ನೊಮ್ಮೆ ನೋಡಿ, ನಮ್ಮ ಮನೆಯ ಕಡೆ ತಿರುಗಿದರು.

ಮತ್ತೆ ಚಪ್ಪಲಿ ಬಿಟ್ಟು, ಕಾಲು ತೊಳೆದು, ಜಗಲಿಯ ಮೇಲೆ ಕೂತು ಶಾಸ್ತ್ರೋಕ್ತವಾಗಿ ಕೇಳಿದರು: "ಯಜಮಾನ್ರೇ, ಎರಡ್ನೇ ಸಲ ಬಂದಿವ್ನಿ. ಬರಿಗೈಲಿ ಕಳ್ಸಬ್ಯಾಡಿ."

ದೊಡ್ಡಪ್ಪ ಕಣ್ಣು ಮುಚ್ಚಿ, ಅಲ್ಲಿಲ್ಲದ ಹಿರಿಯರನ್ನೆಲ್ಲ ಅರೆಗಳಿಗೆಯಲ್ಲಿ ವಿಚಾರಿಸಿ ಮುಗಿಸಿದರು. "ಈಟು ಬಲವಂತ ಮಾಡ್ತಿದ್ದೀರಿ. ಆಗ್ಲಿ, ಕರ್ಕಂಡ್ ಓಗಿ."

ಮಾತು ಮುಗಿಯುವ ಮೊದಲೇ ದೊಡ್ಡಮ್ಮ ನನ್ನ ಬಟ್ಟೆಯ ಗಂಟನ್ನು ಹೊಸಿಲಾಚೆ ತಂದಿಟ್ಟಳು.

ಮುಂದಿನ ಬಸ್ಸಿನಲ್ಲಿ ನಾವಿಬ್ಬರೂ ಕೊಳ್ಳೇಗಾಲಕ್ಕೆ ಹೊರಟೆವು. ಗುಮಾಸ್ತರು ಕಿಟಕಿಯಾಚೆ ನೋಡುತ್ತ ಕೂತಿದ್ದವರು, "ಹನೂರ್ನಲ್ಲಿ ಕಾಯ್ತಾ ಇರ್ತಾರೆ ಪಾಪ, ಉಪ್ಪಿಟ್ಟು ಮಾಡ್ಕಂಡು," ಎಂದರು.

ನಾನು ಗಂಟನ್ನು ತೊಡೆಯ ಮೇಲೆ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.