ಅಕ್ಕನ ಎಡಗೆನ್ನೆಯ ಮೇಲಿನ ಕೆಂಪು ಬೆಳಕು

ತೊಂಬತ್ತೆಂಟನೇ ಇಸವಿಯ ಚಳಿಗಾಲದ ಒಂದು ಬೆಳಿಗ್ಗೆ ಅಕ್ಕ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ಸೋರಿ ಸೀರೆಯ ಮೇಲೆ ಬಿತ್ತು. ಅವಳು ಮತ್ತೆ ನೀರು ತುಂಬಿಕೊಂಡಳು, ಮತ್ತೆ ಸೋರಿತು. ಅವ್ವ ಗೋಡೆಯ ಕನ್ನಡಿಯನ್ನು ತೆಗೆದು ಅವಳ ಮುಂದೆ ಹಿಡಿದಳು. ಅಕ್ಕ ನಗಲು ನೋಡಿದಳು. ಮುಖದ ಬಲಭಾಗವಷ್ಟೇ ನಕ್ಕಿತು. ಎಡಗಣ್ಣು ಮುಚ್ಚಲು ಹೋದರೆ ರೆಪ್ಪೆ ಅರ್ಧಕ್ಕೇ ನಿಂತುಬಿಟ್ಟಿತು.

ನಾವಾಗ ಅಳವಂಡಿಯಲ್ಲಿದ್ದೆವು. ಅಪ್ಪ ತೀರಿಕೊಂಡ ಮೇಲೆ ಅಕ್ಕನೇ ಮನೆಯ ಯಜಮಾನಿ. ಊರಿನ ಪ್ರಾಥಮಿಕ ಶಾಲೆಯಲ್ಲಿ ಒಂದನೇ ತರಗತಿಗೆ ಕಲಿಸುತ್ತಿದ್ದಳು. ತಂಗಿಯಾದ ನನಗಿಂತ ಬಹಳ ದೊಡ್ಡವಳು, ಮಾತು ಕಡಿಮೆ. ಕಾಲೇಜು ಮುಗಿಸಿ ಮನೆಯಲ್ಲಿ ಕುಳಿತಿದ್ದ ನಾನು ಅವಳ ಚಪ್ಪಲಿ ಸದ್ದು ಅಂಗಳದಲ್ಲಿ ಕೇಳಿದರೆ ಸಾಕು, ರೇಡಿಯೋ ಆರಿಸಿಬಿಡುತ್ತಿದ್ದೆ. ಪ್ರೀತಿ ಇರಲಿಲ್ಲವೆಂದಲ್ಲ. ಅಪ್ಪನ ಮುಂದೆ ಕೂರುವ ಹಾಗೆ ಅವಳ ಮುಂದೆ ಕೂರುತ್ತಿದ್ದೆ, ಅಷ್ಟೆ.

"ಗಾಳಿ ಬಡದೈತಿ," ಎಂದಳು ಅವ್ವ. ಹಂಚಿನ ಮೇಲೆ ಉಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಕೆನ್ನೆಗೆ ಕಾವು ಕೊಟ್ಟಳು. ಅದೇ ದಿನ ಕೊಪ್ಪಳಕ್ಕೆ ಹೋಗಿ ಡಾಕ್ಟರಿಗೂ ತೋರಿಸಿದೆವು. ಲಕ್ವ ಅಲ್ಲ, ಮುಖದ ನರ ಬಾತಿದೆ, ಹೆಚ್ಚಿನವರಿಗೆ ತಾನಾಗಿ ಸರಿಯಾಗುತ್ತದೆ ಎಂದು ಹೇಳಿ ಗುಳಿಗೆ ಬರೆದುಕೊಟ್ಟರು. ದಿನಾ ಬಂದು ಕೆಂಪು ದೀಪದ ಕಾವು ತೆಗೆದುಕೊಳ್ಳಲೂ ಹೇಳಿದರು. ಅಕ್ಕ ಗುಳಿಗೆ ನುಂಗಿದಳು, ದೀಪದ ಮಾತು ತಳ್ಳಿಹಾಕಿದಳು. ರಜೆ ಹಾಕಲು ಅವಳಿಗೆ ಮನಸ್ಸಿರಲಿಲ್ಲ.

ಒಂದು ಸಂಜೆ ಅವಳು ಶಾಲೆಯಿಂದ ಬಂದವಳು ಕಟ್ಟೆಯ ಮೇಲೆಯೇ ಕುಳಿತುಬಿಟ್ಟಳು. ಚಪ್ಪಲಿಯನ್ನೂ ಬಿಟ್ಟಿರಲಿಲ್ಲ.

"ಇವತ್ತ ಪ ಫ ಬ ಭ ಮ ಕಲಿಸಿದೆ," ಎಂದಳು. ತುಟಿ ಕೂಡದೆ ಆ ಅಕ್ಷರಗಳೇ ಅವಳಿಗೆ ಸರಿಯಾಗಿ ಬರುತ್ತಿರಲಿಲ್ಲ. "ನಾ ಹ್ಯಾಂಗ ಅಂದೆ ಹಂಗ ಅಂದ್ರವಾ ಹುಡುಗ್ರು. ಎಲ್ಲಾರೂ ಬಾಯಿ ಸೊಟ್ಟ ಮಾಡಿಕೊಂಡು."

"ಅಣಕಿಸಿದ್ರೇನಕ್ಕ?"

"ಅಣಕಿಸಿದ್ರ ಬೈತಿದ್ದೆ. ಪ ಅನ್ನೂದು ಹಂಗ ಅಂತ ತಿಳದಾವು. ಅಕ್ಕೋರು ಹೇಳಿಕೊಟ್ಟಾರಂತ ಶ್ರದ್ಧಾದಿಂದ ಹೇಳಾಕತ್ತಿದ್ವು."

ಅವಳು ಮೊದಲು ನಕ್ಕಳು, ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಪ್ಪ ಸತ್ತಾಗಲೂ ಅವಳು ಅತ್ತದ್ದನ್ನು ನಾನು ಕಂಡಿರಲಿಲ್ಲ. ಮರುದಿನ ರಜೆ ಹಾಕಿದಳು. ಜೊತೆಗೆ ಹೋಗಲು ನಾನಿದ್ದೆ.

ಕೊಪ್ಪಳದಲ್ಲಿ ಔಷಧಿ ಅಂಗಡಿಯ ಹಿಂದಿನ ಕೋಣೆಯೊಂದರಲ್ಲಿ ಆ ದೀಪವಿತ್ತು. ಉದ್ದನೆಯ ಕಂಬಿಯ ತುದಿಗೆ ಬೋಗುಣಿಯಂಥ ತಗಡಿನ ಮುಚ್ಚಳ, ಅದರೊಳಗೆ ಕೆಂಪು ಬಲ್ಬು. ಅದನ್ನು ನೋಡಿಕೊಳ್ಳುತ್ತಿದ್ದವರು ಎಲ್ಲರೂ ಸಾಹೇಬರು ಎಂದು ಕರೆಯುತ್ತಿದ್ದ ನಡುವಯಸ್ಸಿನವರೊಬ್ಬರು. ಹೆಬ್ಬೆರಳಿನಿಂದ ಕೆನ್ನೆಯನ್ನು ಮೇಲಕ್ಕೆ ನೀವುವ ಬಗೆಯನ್ನೂ ಅವರೇ ಕಲಿಸಿದರು. ಮೊದಲ ದಿನ ಅಕ್ಕನ ಎರಡೂ ಕಣ್ಣಿನ ಮೇಲೆ ಒದ್ದೆ ಹತ್ತಿ ಇಡುತ್ತ ಹೇಳಿದರು:

"ಬಿಸಿ ಜಾಸ್ತಿ ಅನಿಸಿದ್ರ ಕೈ ಎತ್ರಿ ಅಕ್ಕೋರ. ಸಹಿಸ್ಕೊಂಡು ಕುಂದರಬ್ಯಾಡ್ರಿ."

"ಇದರಿಂದ ಆರಾಮಾಗತೈತೇನ್ರಿ?"

"ಕಾವು ಹಿತ ಕೊಡತೈತ್ರಿ. ಬಿಗಿ ಸಡಲತೈತಿ. ನರ ಮಾತ್ರ ಅದಕ್ಕ ತಿಳದಾಗ ಎದ್ದೇಳತೈತಿ."

ದೀಪ ಹೊತ್ತಿತು. ಅಕ್ಕನ ಎಡಗೆನ್ನೆ ಮಾಗಿದ ಟೊಮೆಟೊ ಬಣ್ಣಕ್ಕೆ ತಿರುಗಿತು. ಕಿವಿಯ ಅಂಚು ಬೆಳಕು ಹಾಯ್ದು ಹೊಳೆಯುತ್ತಿತ್ತು. ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ಅವಳ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ಅವಳ ಕಣ್ಣು ಮುಚ್ಚಿದ್ದರಿಂದ ನೋಡುವ ಧೈರ್ಯ ಬಂತು.

ಕಣ್ಣು ಮುಚ್ಚಿದ್ದರಿಂದಲೇ ಇರಬೇಕು, ಅವಳಿಗೆ ಮಾತೂ ಬಂತು. ಕೆಲವು ದಿನ ಸುಮ್ಮನೆ ಕೂತಳು. ಆಮೇಲೆ ದೀಪದ ಕೆಳಗೆ ಒಂದೊಂದೇ ಹೇಳತೊಡಗಿದಳು. ಕುಷ್ಟಗಿಯಲ್ಲಿ ತರಬೇತಿಗಿದ್ದಾಗ ಗೆಳತಿಯರ ಜೊತೆ ನಾಟಕದಲ್ಲಿ ರಾಜನ ಪಾರ್ಟು ಮಾಡಿ, ಮೀಸೆ ಕಿತ್ತುಬಂದರೂ ಬಿಡದೆ ಮಾತು ಮುಗಿಸಿದ್ದು. ಯಲಬುರ್ಗಾದಲ್ಲಿ ಮೊದಲ ನೌಕರಿಗೆ ಸೇರಿದ ದಿನ ಹೆದರಿಕೆಯಾಗಿ ಶಾಲೆಯ ಹಿಂದಿನ ಬೇವಿನ ಮರದ ಕೆಳಗೆ ನಿಂತುಬಿಟ್ಟದ್ದು. ಗಂಟೆ ಬಾರಿಸಿದ ಮೇಲೆ ಮಕ್ಕಳೇ ಬಂದು ಕೈಹಿಡಿದು ಒಳಗೆ ಕರೆದುಕೊಂಡು ಹೋದವಂತೆ. ನನಗೆ ಗೊತ್ತಿದ್ದ ಅಕ್ಕನಿಗೆ ಹೆದರಿಕೆಯೆಂಬುದೇ ಇರಲಿಲ್ಲ.

ಒಂದು ದಿನ ಕೇಳಿದಳು: "ಮೊದಲ ನಾ ಛಲೋ ಕಾಣತಿದ್ದೆನೇನ?"

"ಹೂಂ. ಈಗೂ ಕಾಣತಿ."

"ಈಗಿನ ಮಾತ ಬಿಡು. ಮೊದಲಿಂದು ಹೇಳು."

"ಭಾಳ ಛಲೋ ಕಾಣತಿದ್ದಿ. ಅವ್ವ ದಿನಾ ಅಂತಾಳ, ಆಕಿ ಅಪ್ಪನ ಮೂಗು ತಂದಾಳ ಅಂತ."

"ನನ್ನ ಮುಂದ ಯಾವತ್ತೂ ಅಂದಿಲ್ಲ," ಎಂದಳು. ಕರೆಂಟು ಹೋಯಿತು. ಬಲ್ಬಿನ ಕೆಂಪು ಮೆಲ್ಲಗೆ ಕಂದಿತು. ಅವಳು ಹತ್ತಿ ತೆಗೆಯದೆ ಹಾಗೆಯೇ ಕುಳಿತಿದ್ದಳು, ನಾನೂ ಎಬ್ಬಿಸಲಿಲ್ಲ.

ಸಾಹೇಬರು ಅವಳಿಗೆ ಗಾಳಿ ಊದುವ ಅಭ್ಯಾಸ ಹೇಳಿದ್ದರು. ತುಟಿ ಕೂಡಿದರೆ ತಾನೇ ಊದುವುದು? ಮನೆಗೆ ಮರಳುವಾಗ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೆವು. ಕಪ್ಪಿನಿಂದ ಬಸಿಗೆ ಸುರಿದ ಅವಳ ಚಹಾವನ್ನು ನಾನೇ ಊದಿ ಆರಿಸಿಕೊಡುತ್ತಿದ್ದೆ. ಸಂಕ್ರಾಂತಿ ಕಳೆದ ಮೇಲಿನ ಒಂದು ಮಧ್ಯಾಹ್ನ ನಾನು ಬಸ್ಸು ಬಂತೇ ಎಂದು ಹೊರಗೆ ನೋಡುತ್ತಿದ್ದೆ. ಅಕ್ಕ ನನ್ನ ತೋಳು ಹಿಡಿದಳು. ಬಸಿಯನ್ನು ಬಾಯಿಯ ಹತ್ತಿರ ತಂದು ಮೆಲ್ಲಗೆ ಊದಿದಳು. ಚಹಾದ ಮೇಲೆ ಸಣ್ಣ ಸಣ್ಣ ತೆರೆ ಎದ್ದು ಅಂಚಿನವರೆಗೆ ಹೋದವು.

"ಇನ್ನೊಮ್ಮೆ ಊದು," ಎಂದೆ.

ಊದಿದಳು. ಆ ದಿನ ಅಳವಂಡಿಯ ಬಸ್ಸು ನಮ್ಮ ಕಣ್ಣೆದುರಿಗೇ ಹೋಯಿತು, ನಾವು ಇನ್ನೊಂದು ಚಹಾ ಹೇಳಿದೆವು.

ಮುಖ ಹಂತಹಂತವಾಗಿ ಸರಿಯಾಯಿತು. ಜೋರಾಗಿ ನಕ್ಕಾಗ ಎಡಗಣ್ಣು ಸ್ವಲ್ಪ ಸಣ್ಣದಾಗುವುದು ಮಾತ್ರ ಉಳಿಯಿತು. ಅವಳು ಶಾಲೆಗೆ ಮರಳಿದಾಗ ಮಕ್ಕಳು ಇನ್ನೂ ಸೊಟ್ಟ ಬಾಯಿಯಿಂದಲೇ ಪ ಫ ಬ ಎನ್ನುತ್ತಿದ್ದವು. ಬದಲಿಗೆ ಬಂದ ಮಾಸ್ತರರು ತಿದ್ದಲು ಹೋದರೆ, ನಮ್ಮ ಅಕ್ಕೋರು ಹೀಗೇ ಕಲಿಸಿದ್ದು ಎಂದು ಜಗಳಕ್ಕೇ ನಿಂತಿದ್ದವಂತೆ. ಆ ಮಕ್ಕಳನ್ನು ಹಾದಿಗೆ ತರಲು ಅಕ್ಕನಿಗೆ ಬೇಸಿಗೆ ರಜೆಯವರೆಗೂ ಹಿಡಿಯಿತು. ಅದನ್ನು ಮನೆಗೆ ಬಂದು ಹೇಳಿ ಹೇಳಿ ನಗುತ್ತಿದ್ದಳು, ನಾನೂ ರೇಡಿಯೋ ಆರಿಸುವುದನ್ನು ಬಿಟ್ಟಿದ್ದೆ.

ಈಗ ಅವಳು ನಿವೃತ್ತಳು. ನನಗೂ ತಲೆ ನರೆತಿದೆ, ಗಂಗಾವತಿಯಲ್ಲಿ ನನ್ನ ಸಂಸಾರ. ಅಕ್ಕನಿಗೆ ಮೊಣಕಾಲು ನೋವು. ಹೋದ ವರ್ಷ ಆನೆಗೊಂದಿಯ ಕಡೆ, ಬಂಡೆಗುಡ್ಡಗಳ ನಡುವಿನ ಬಾಳೆತೋಟದ ಪಕ್ಕ, ಹೊಸ ಆರೈಕೆ ಕೇಂದ್ರವೊಂದು ಶುರುವಾಗಿದೆಯೆಂದು ತಿಳಿದು ಅವಳನ್ನು ಕರೆದುಕೊಂಡು ಹೋದೆ. ಅಲ್ಲಿ ಕಟ್ಟಿಗೆಯ ಒಂದು ಪುಟ್ಟ ಕೋಣೆ, ಗಾಜಿನ ಬಾಗಿಲು. ಇನ್‌ಫ್ರಾರೆಡ್ ಸೌನಾ ಎನ್ನುತ್ತಾರೆ. ಗೋಡೆಗಳು ಕಾವು ಸೂಸುತ್ತವೆ, ಹಬೆ ಇಲ್ಲ. ಎದುರಿಗೆ ಕೆಂಪು ಬೆಳಕಿನ ಹಲಗೆಗಳು. ಅಲ್ಲಿಯ ಹುಡುಗಿ ನಮ್ಮ ಬಿಪಿ ನೋಡಿದಳು, ಬಳೆ ಸರ ತೆಗೆಸಿದಳು, ಕಣ್ಣಿಗೆ ಕಪ್ಪು ಕನ್ನಡಕ ಕೊಟ್ಟಳು.

"ಕಾವು, ಬೆಳಕು ಎರಡೂ ಕೂಡೇ ಯಾಕವಾ?" ಅಕ್ಕ ಕೇಳಿದಳು.

"ಕಾವಿಗೆ ಬೆವರು ಬರತೈತ್ರಿ ಅಮ್ಮಾ, ಮೈ ಸಡಲತೈತಿ. ಕೆಂಪು ಬೆಳಕು ಚರ್ಮಕ್ಕ, ಕೀಲಿಗೆ ಛಲೋ ಅಂತಾರ್ರಿ. ಆದ್ರ ಡಾಕ್ಟರ್ ಕೊಟ್ಟ ಗುಳಿಗಿ ಬಿಡಬ್ಯಾಡ್ರಿ. ತಲಿ ತಿರಗಿದ್ರ ಬಾಗಲಾ ತಗದು ಹೊರಗ ಬರ್ರಿ."

ಒಳಗೆ ಕುಳಿತೆವು. ಮೊದಲು ಏನೂ ಆಗಲಿಲ್ಲ. ನಿಧಾನವಾಗಿ ಬೆನ್ನು ಬೆಚ್ಚಗಾಯಿತು, ಆಮೇಲೆ ಬೆವರು ಇಳಿಯಿತು. ಇಡೀ ಕೋಣೆ ಕೆಂಪಾಗಿತ್ತು. ಅಕ್ಕನ ಬಿಳಿ ಕೂದಲು, ಸುಕ್ಕಾದ ಕತ್ತು, ಮೊಣಕಾಲ ಮೇಲಿಟ್ಟ ಕೈಗಳು, ಎಲ್ಲವೂ.

"ಆ ಸಾಹೇಬ್ರು ಎಷ್ಟ ಸಣ್ಣ ದೀಪಾ ಇಟಕೊಂಡಿದ್ರಲ್ಲ," ಎಂದಳು.

"ಅಷ್ಟರಾಗ ನಿಂದು ಕೆಲಸ ಆಗಿತ್ತು."

"ಅದು ದೀಪದಿಂದ ಆತೋ, ಗುಳಿಗಿಯಿಂದ ಆತೋ, ಅವ್ವನ ಉಪ್ಪಿನಿಂದ ಆತೋ, ಯಾರಿಗ್ಗೊತ್ತು. ಆದ್ರ ಆ ಖೋಲಿ ನನಗ ಸೇರತಿತ್ತು. ಯಾರೂ ನನ್ನ ಕೇಳವರಿರಲಿಲ್ಲ, ಏನು ಅಡಗಿ, ಯಾರ ಫೀ, ಎಷ್ಟ ಜ್ವಾಳ ಅಂತ."

ಅವಳು ಕಾಲು ಚಾಚಿ ಗೋಡೆಗೆ ಒರಗಿದಳು. ನಾನು ನನ್ನ ಸೊಸೆಯ ವಿಷಯ ಹೇಳಿದೆ. ಯಾರಿಗೂ ಹೇಳಿರದ ಮಾತು ಅದು. ಅವಳು ಬುದ್ಧಿ ಹೇಳಲಿಲ್ಲ. ಹೂಂಗುಟ್ಟುತ್ತ ಪೂರ್ತಿ ಕೇಳಿದಳು.

ಹೊರಗೆ ಬಂದು ಮಜ್ಜಿಗೆ ಕುಡಿದೆವು. ಗುಡ್ಡದ ಕಡೆಯ ಗಾಳಿ ಬೆವರಿದ ಮೈಗೆ ತಣ್ಣಗೆ ತಾಗಿತು. ಅವಳ ಮೊಣಕಾಲಿನ ನೋವು ಅಂದು ಸಂಜೆಯವರೆಗೆ ಕಡಿಮೆಯಿತ್ತು, ಮರುದಿನ ಮತ್ತೆ ಬಂತು. ಆದರೂ ಮುಂದಿನ ವಾರ ಅವಳೇ ಫೋನ್ ಮಾಡಿದಳು.

"ಹೋಗೂಣೇನ?"

"ಕಾಲು ಭಾಳ ನೋಯತಾವೇನಕ್ಕ?"

"ಕಾಲಿಂದಿರಲಿ. ನಿನ್ನ ಸೊಸಿದು ಏನಾತು, ಅದನ್ನ ಕೇಳಬೇಕು," ಎಂದಳು.