ಪ್ಯಾಂಟಿನ ಅಳತೆ

ಅರವತ್ತೈದರಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಮುಗಿದ ಮರುವರ್ಷ ನಾನು ಸಾಗರದ ಒಂದು ಹೈಸ್ಕೂಲಿನಲ್ಲಿ ಮೇಷ್ಟರಾಗಿದ್ದೆ. ಆಗ ಊರಿನ ಹಿರಿಯರಿಗೆಲ್ಲ ಹುಡುಗರದೇ ಭಯ. ಇವರ ವಾರಿಗೆಯವರು ಗಡಿಯಲ್ಲಿ ಸತ್ತಿದ್ದಾರೆ, ಇವರು ಟಾಕೀಸಿನ ಮುಂದೆ ಕ್ರಾಪು ತೀಡುತ್ತ ನಿಲ್ಲುತ್ತಾರೆ ಎಂದು ಪಾಲಕರ ಸಭೆಯಲ್ಲಿ ಒಬ್ಬರು ಅತ್ತೇಬಿಟ್ಟರು. ಎಲ್ಲಕ್ಕೂ ಕಾರಣವೆಂದು ಕೊನೆಗೆ ಕೈಗೆ ಸಿಕ್ಕಿದ್ದು ನ್ಯಾರೋ ಪ್ಯಾಂಟು.

ಹೆಡ್ಮಾಸ್ತರರು ನನಗೆ ಒಂದು ಖಾಲಿ ಸೋಡಾ ಬಾಟಲಿ, ಒಂದು ಕತ್ತರಿ ಕೊಟ್ಟರು. ಬೆಳಿಗ್ಗೆ ಗೇಟಿನಲ್ಲಿ ನಿಂತು ಹುಡುಗರ ಕಾಲಿಗೂ ಪ್ಯಾಂಟಿನ ಅಂಚಿಗೂ ನಡುವೆ ಬಾಟಲಿ ತೂರಿಸಬೇಕು. ತೂರದಿದ್ದರೆ ಮಂಡಿಯವರೆಗೆ ಹೊಲಿಗೆ ಬಿಚ್ಚಬೇಕು. ಆಗ ನನಗೂ ಅದು ಸರಿಯೆಂದೇ ಕಂಡಿತ್ತು.

ಮೂರನೆಯ ದಿನ ಎಸ್ಸೆಸ್ಸೆಲ್ಸಿಯ ಒಬ್ಬ ಹುಡುಗನ ಪ್ಯಾಂಟಿನಲ್ಲಿ ಬಾಟಲಿ ತೂರಲಿಲ್ಲ. ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಊರು ಮುಳುಗಿ ಇತ್ತ ಬಂದ ಮನೆಯವನು. ಪರೀಕ್ಷೆಗೆ ಮೂರು ವಾರವಿತ್ತು.

"ಸಾರ್, ಇದು ಎರಡು ವರ್ಷದ ಹಿಂದೆ ಹೊಲ್ಸಿದ್ದು. ಪ್ಯಾಂಟು ಬಿಗಿ ಅಲ್ಲ ಸಾರ್, ನಾನೇ ಬೆಳ್ದಿದ್ದು."

ಸಾಲಿನಲ್ಲಿ ಯಾರೋ ಕೂಗಿದರು: "ಬಾಟ್ಲಿ ಹೋಗ್ಲಿಲ್ಲ ಅಂದ್ರೆ ಒಂದು ಗೋಲಿ ಹಾಕಿ ನೋಡಿ ಸಾರ್!"

ಎಲ್ಲರೂ ನಕ್ಕರು. ನಗು ನನ್ನ ಮೇಲೆ ಎಂದುಕೊಂಡು ಕತ್ತರಿ ಹಾಕಿದೆ. ಬಟ್ಟೆ ಸವೆದಿತ್ತು. ಹೊಲಿಗೆಯ ಜೊತೆಗೆ ತೊಡೆಯವರೆಗೂ ಹರಿಯಿತು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗೇಟಿನಿಂದ ಹೊರಗೆ ಹೋದ. ಮತ್ತೆ ಶಾಲೆಗೆ ಬರಲಿಲ್ಲ.

ನಾಲ್ಕು ದಿನ ನೋಡಿ ಅವನ ಮನೆಗೆ ಹೋದೆ. ತಾಯಿ ಜಗಲಿಗೆ ಬಂದರು. "ಇದ್ದದ್ದು ಅದೊಂದೇ ಸಾರ್. ತೇಪೆ ಹಾಕಿ ಕೊಟ್ಟೆ. ಹಾಕ್ಕಣಲ್ಲ ಅಂತಾನೆ. ನೀವಾದ್ರೂ ಹೇಳಿ."

ಅವರು ಹೇಳಿದ ಮರದ ಮಿಲ್ಲಿಗೆ ಹೋದೆ; ಅವನು ಅಲ್ಲಿ ದಿಮ್ಮಿ ಉರುಳಿಸುತ್ತಿದ್ದ. ತಪ್ಪಾಯಿತು, ಪರೀಕ್ಷೆಗೆ ಬಾ ಎಂದೆ. ಅವನು ತಲೆಯೆತ್ತಲಿಲ್ಲ.

"ಹೋಗಿ ಸಾರ್. ಇಲ್ಲಿ ಯಾರೂ ಕಾಲು ನೋಡಲ್ಲ."

ಅವನು ಇನ್ನು ಬರುವುದಿಲ್ಲವೆಂದು ಹೆಡ್ಮಾಸ್ತರರಿಗೆ ತಿಳಿಸಿದಾಗ ಅವರು ಕನ್ನಡಕ ಒರೆಸುತ್ತ, "ನಾನು ಹೇಳಿರ್ಲಿಲ್ವಾ ಮೇಷ್ಟ್ರೇ? ಇಂಥವ್ರು ನಿಲ್ಲೋದಿಲ್ಲ" ಎಂದರು. ಪ್ಯಾಂಟು ಹರಿದದ್ದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಏನಾಗುತ್ತಿತ್ತೋ, ಈಗಲೂ ಗೊತ್ತಿಲ್ಲ.

ತಿಂಗಳ ಕೊನೆಗೆ ಹಾಜರಿ ಪುಸ್ತಕ ನನ್ನ ಮುಂದೆ ಬಂತು. ಅವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದೆ. ಕಾರಣ ಬರೆಯುವ ಜಾಗದಲ್ಲಿ, ನನ್ನದೇ ದುಂಡು ಅಕ್ಷರದಲ್ಲಿ, 'ತಾನಾಗಿ ಬಿಟ್ಟಿರುತ್ತಾನೆ' ಎಂದು ಬರೆದೆ.