ಬಾಣಂತಿ ಕೋಣೆಗೆ ಸಿಗ್ನಲ್

ಆಗ ಹಿಂದೂಪುರದಲ್ಲಿ ನನ್ನ ಕೆಲಸ ಎಂದರೆ ಫೋನು ಹಿಡಿದು ಕಟ್ಟಡಗಳ ಒಳಗೆ ಅಲೆಯುವುದು. ಸಿಗ್ನಲ್ ಎಲ್ಲಿ ಸಿಗುತ್ತದೆ, ಎಲ್ಲಿ ಸಾಯುತ್ತದೆ ಎಂದು ಗುರುತು ಹಾಕಿಕೊಂಡು, ಸತ್ತ ಕಡೆಗೆ ಕೇಬಲ್ಲು ಯಾವ ದಾರಿಯಲ್ಲಿ ಬರಬೇಕು, ಆಂಟೆನಾ ಎಲ್ಲಿ ಕೂರಬೇಕು ಎಂದು ನಕ್ಷೆ ಬರೆಯಬೇಕು. ಹೊಸ ಕಾಂಪ್ಲೆಕ್ಸೊಂದರ ನೆಲಮಾಳಿಗೆಗೂ ಸಿಗ್ನಲ್ ಇಳಿಸಿ ಬೀಗುತ್ತಿದ್ದೆ. ಕಲ್ಯಾಣದುರ್ಗದ ನಮ್ಮ ಮನೆಯೊಳಗೆ ಮಾತ್ರ ಫೋನು ಸುಮ್ಮನೆ ಬಿದ್ದಿರುತ್ತಿತ್ತು.

ತಂಗಿ ಚೊಚ್ಚಲ ಹೆರಿಗೆಗೆ ಬಂದು ಹೆಣ್ಣುಮಗು ಹೆತ್ತಿದ್ದಳು. ಅವಳ ಗಂಡ ಲಾರಿ ಡ್ರೈವರ್, ಲೋಡು ತುಂಬಿಕೊಂಡು ಉತ್ತರದ ಕಡೆ ಹೋಗಿದ್ದ. ದಾರಿಯ ಯಾವುದೋ ಬೂತಿನಿಂದ ಅವನು ಮಾಡಿದ ಕರೆ ನಮ್ಮ ಮಾಳಿಗೆಯ ಮೇಲಷ್ಟೇ ಸಿಗುತ್ತಿತ್ತು. ಅಮ್ಮ ಅಲ್ಲೇ ನಿಂತು, "ಇಬ್ರೂ ಚೆಂದಾಗವ್ರೆ ಕಣಪ್ಪ" ಎಂದು ಕೂಗಿ ಇಟ್ಟುಬಿಡುತ್ತಿದ್ದಳು. ಬಾಣಂತಿ ಮಾಳಿಗೆ ಹತ್ತುವ ಮಾತೇ ಇಲ್ಲ, ಗಾಳಿ ತಾಕುತ್ತದೆ. ಹೀಗಾಗಿ ಮಗು ಹುಟ್ಟಿದ ಮೇಲೆ ಗಂಡ ಹೆಂಡತಿ ಒಂದು ಮಾತೂ ಆಡಿರಲಿಲ್ಲ.

ನಾನು ಊರಿಗೆ ಹೋದಾಗ ತಂಗಿ ಕತ್ತಲೆ ಕೋಣೆಯಲ್ಲಿ, ತಲೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡು ಅಳುತ್ತಾ ಕೂತಿದ್ದಳು.

"ಊರೋರ್ಗೆಲ್ಲ ಸಿಗ್ನಲ್ ಕೊಡ್ತೀಯ. ನಂಗೊಂದು ಕೊಡಾಕಾಗಲ್ವೇನಣ್ಣ?"

ನನಗೆ ರೇಗಿತು. ಅವಳ ಮೇಲಲ್ಲ, ಮೊಳ ದಪ್ಪದ ಆ ಕಲ್ಲುಗೋಡೆಯ ಮೇಲೆ.

ಮುಂದಿನ ವಾರ ಆಫೀಸಿನಲ್ಲಿ ಕೇಳಿ ಉಳಿಕೆ ಕೇಬಲ್ಲು, ಎರಡು ಆಂಟೆನಾ ಹೊತ್ತು, ಪೆನುಕೊಂಡದಲ್ಲಿ ಬಸ್ಸು ಬದಲಾಯಿಸಿ ಮನೆ ಸೇರಿದೆ. ಒಂದನ್ನು ಮಾಳಿಗೆಯ ಮೇಲೆ ಟವರಿನ ಕಡೆ ಮುಖಮಾಡಿ ಕಟ್ಟಿ, ಇನ್ನೊಂದನ್ನು ತಂಗಿಯ ಮಂಚದ ತಲೆಯ ಹತ್ತಿರ ತೂಗುಹಾಕುವುದು ನನ್ನ ಯೋಜನೆ. ಗೋಡೆ ಕೊರೆಯಲು ಡ್ರಿಲ್ ತೆಗೆದದ್ದೇ ತಡ, ಅಮ್ಮ ಅಡ್ಡ ನಿಂತಳು.

"ತೂತು ಹಾಕ್ಬುಟ್ರೆ ಗಾಳಿ ನುಗ್ತೈತೆ ಕಣ್ಲಾ! ಮಗೀಗೆ ಸೀತ ಆದ್ರೆ ನಿನ್ ಟವರು ಬಂದು ನೋಡ್ತೈತಾ?"

ಮಾಳಿಗೆಯ ಬೆಳಕಿಂಡಿಯನ್ನೂ ಅವಳು ಆಗಲೇ ಚಪ್ಪಡಿ ಎಳೆದು, ಗೋಣಿ ತುರುಕಿ ಮುಚ್ಚಿದ್ದಳು. ಬೆಳಿಗ್ಗೆಯೆಲ್ಲ ಜಗಳವಾಡಿ, ಆ ಗೋಣಿಯ ಸಂದಿನಲ್ಲೇ ಕೇಬಲ್ ಇಳಿಸಲು ಒಪ್ಪಿಸಿದೆ. ಇಳಿಸಿದ ಕೂಡಲೇ ಅವಳೇ ಮೇಲೆ ಬಂದು ಕೇಬಲ್ಲಿನ ಸುತ್ತ ಹಳೇ ಬಟ್ಟೆ ಒತ್ತಿ, ಮಣ್ಣು ಮೆತ್ತಿದಳು. ನಮ್ಮ ಕಂಪನಿಯ ಮೇಸ್ತ್ರಿಗಳೂ ಅಷ್ಟು ಬಿಗಿಯಾಗಿ ಮುಚ್ಚಿದ್ದನ್ನು ನಾನು ಕಂಡಿಲ್ಲ.

ಮಂಚದ ತಲೆಯ ಹತ್ತಿರ ಫೋನಿನಲ್ಲಿ ಸಿಗ್ನಲ್ಲಿನ ಎರಡು ಕಡ್ಡಿ ಬಂತು. ಒಂದು ಹೆಜ್ಜೆ ಆಚೆಗಿಟ್ಟರೆ ಒಂದೂ ಇಲ್ಲ. ನನಗೆ ಅಷ್ಟೇ ಸಾಕಾಗಿತ್ತು, ಕುಣಿಯುವುದೊಂದು ಬಾಕಿ.

ಸಂಜೆ ಸಾಂಬ್ರಾಣಿ ಹೊಗೆಯ ನಡುವೆ ಫೋನು ಕೋಣೆಯೊಳಗೇ ಹೊಡೆದುಕೊಂಡಿತು. ತಂಗಿ ಎತ್ತಿ ಕಿವಿಗೆ ಒತ್ತಿಕೊಂಡಳು. "ಇನಪಡ್ತಾಂದಾ? ಇನಪಡ್ತಾಂದಾ?" ಕೇಳಿಸುತ್ತಿದೆಯಾ ಎಂದು ಅವನು ತೆಲುಗಿನಲ್ಲಿ ಕೂಗುವುದು ಬಾಗಿಲ ಹತ್ತಿರವಿದ್ದ ನನಗೂ ಕೇಳಿಸಿತು.

"ಆಂ? ಏನಂದೆ? ಏನೂ ಕೇಳ್ತಿಲ್ಲ ಕಣಣ್ಣೋ!" ಎಂದು ತಂಗಿ ನನ್ನ ಕಡೆ ತಿರುಗಿ ಅಳುಮುಖ ಮಾಡಿದಳು.

ನಾನು ಓಡಿಹೋಗಿ ಕೇಬಲ್ ಅಲ್ಲಾಡಿಸಿದೆ, ಆಂಟೆನಾ ತಿರುಗಿಸಿದೆ. ಕಡ್ಡಿ ಎರಡೂ ಗಟ್ಟಿಯಾಗಿದ್ದವು. ಆಮೇಲೆ ಅವಳ ತಲೆಯ ಕಡೆ ನೋಡಿದೆ. ಎರಡು ಕಿವಿಗೂ ಹತ್ತಿ, ಅದರ ಮೇಲೆ ಎರಡು ಸುತ್ತು ಬಟ್ಟೆ, ಎಲ್ಲ ಅಮ್ಮನದೇ ಕೆಲಸ. ಅದನ್ನು ಮುಟ್ಟುವ ಧೈರ್ಯ ತಂಗಿಗೂ ಇಲ್ಲ, ನನಗೂ ಇಲ್ಲ. ಇಬ್ಬರೂ ಅಮ್ಮನ ಮುಖ ನೋಡಿದೆವು. ಆ ಕಡೆಯಿಂದ ಅವನ ಕೂಗು ಸಣ್ಣಗಾಗುತ್ತಿತ್ತು, ಇನ್ನೇನು ಇಟ್ಟುಬಿಡುತ್ತಾನೆ.

ಅಮ್ಮ ತುಟಿ ಬಿಗಿದುಕೊಂಡು ಮಂಚದ ಮೇಲೆ ಕೂತು ಗಂಟು ಸಡಿಲಿಸಿ, ಹತ್ತಿ ತೆಗೆದಳು.

"ಒಂದೇ ಕಿವಿ ಕಣಮ್ಮ. ಆ ಕಡೇದು ಹಂಗೇ ಇರ್ಲಿ."

ತಂಗಿ "ಹೂಂ" ಎಂದಳು. ಮತ್ತೆ "ಹೂಂ, ಮಗೀಗೆ ನಿನ್ ಮೂಗೇ ಬಂದೈತೆ" ಎಂದು ಅಳುತ್ತಲೇ ನಕ್ಕಳು. ಅಮ್ಮ ಫೋನಿಗೂ ಆ ಕಿವಿಗೂ ಸೇರಿಸಿ ಅಂಗೈ ಮರೆ ಹಿಡಿದು, ಮಾತು ಮುಗಿಯುವವರೆಗೆ ಹಾಗೇ ಕೂತಿದ್ದಳು.